ಆಪರೇಷನ್‌ಗೆ ಮುಂಚೆ ಪೆಟ್ ಸ್ಕ್ಯಾನ್: ಯಾರಿಗೆ ಬೇಕು, ಯಾರಿಗೆ ಬೇಡ

ಬಯಾಪ್ಸಿ ರಿಪೋರ್ಟು ಕೈಗೆ ಬಂದ ದಿನ ಮನೆಯವರು ಡಾಕ್ಟರನ್ನು ಕೇಳುವ ಮೊದಲ ಪ್ರಶ್ನೆ ಶಿವಮೊಗ್ಗದಲ್ಲೂ ಅದೇ, ಭದ್ರಾವತಿಯಲ್ಲೂ ಅದೇ: ‘ಯಾವ ಸ್ಟೇಜು, ಸರ್?’ ಉತ್ತರ ಆಗಿಂದಾಗ ಸಿಗುವುದಿಲ್ಲ. ಇನ್ನೊಂದಿಷ್ಟು ಪರೀಕ್ಷೆಗಳನ್ನು ಬರೆದ ಚೀಟಿ ಸಿಗುತ್ತದೆ. ಆ ಚೀಟಿಯಲ್ಲಿ ಈಚೆಗೆ ಪೆಟ್ ಸ್ಕ್ಯಾನ್ ಎಂಬ ಹೆಸರು ಹೆಚ್ಚು ಹೆಚ್ಚಾಗಿ ಕಾಣಿಸುತ್ತಿದೆ. ದುರ್ಗಿಗುಡಿಯಲ್ಲೋ ಕುವೆಂಪು ರಸ್ತೆಯಲ್ಲೋ ಮೆಡಿಕಲ್ ಶಾಪಿನ ಮುಂದೆ ನಿಂತು ನೆಂಟರಿಗೆಲ್ಲ ಫೋನು ಹೋಗುತ್ತದೆ. ಬೆಂಗಳೂರಿಗೆ ಹೋಗೋದಾ, ಮಣಿಪಾಲಕ್ಕಾ, ಮಂಗಳೂರಿಗಾ? ಎಷ್ಟು ದುಡ್ಡು ಬೇಕು? ಮಾಡಿಸಲೇಬೇಕಾ? ಅದರ ಬದಲು ಗಡ್ಡೆಯನ್ನೇ ಬೇಗ ತೆಗೆಸಿಬಿಟ್ಟರೆ ಆಗಲ್ವಾ?

ಕೊನೆಯ ಪ್ರಶ್ನೆ ಸಹಜವಾದದ್ದು. ಮೈಯೊಳಗೆ ಬೇಡದ್ದೊಂದು ಬೆಳೆಯುತ್ತಿದೆ ಎಂದು ಗೊತ್ತಾದ ಮೇಲೆ ಒಂದು ದಿನ ತಡವಾದರೂ ಜೀವ ತಳಮಳಿಸುತ್ತದೆ. ಆದರೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಿಂದ ಪೂರ್ತಿ ಗುಣವಾಗುವುದು ರೋಗ ಶಸ್ತ್ರವೈದ್ಯರ ಕೈಗೆ ಎಟುಕುವ ಜಾಗದಲ್ಲಿ ಮಾತ್ರ ಇದ್ದಾಗ. ಎದೆ ತೆರೆದು ಶ್ವಾಸಕೋಶದ ಗಡ್ಡೆ ತೆಗೆದ ಮೂರು ತಿಂಗಳಿಗೆ ಬೆನ್ನುಮೂಳೆಯಲ್ಲೋ ಯಕೃತ್ತಿನಲ್ಲೋ ಅದೇ ರೋಗ ಕಾಣಿಸಿಕೊಂಡರೆ, ಅದು ಆಪರೇಷನ್ ದಿನವೇ ಅಲ್ಲಿ ಇತ್ತು ಎಂದೇ ಅರ್ಥ. ಆ ಗಾಯ, ಆ ನೋವು, ಆ ಖರ್ಚು ಯಾವುದೂ ರೋಗಿಗೆ ದಕ್ಕಲಿಲ್ಲ. ಚೇತರಿಕೆಗೆಂದು ಕಾದ ವಾರಗಳಲ್ಲಿ ಸಿಗಬೇಕಾಗಿದ್ದ ಕೀಮೋ ಕೂಡ ಹಿಂದೆ ಬಿತ್ತು. ಹೀಗಾಗಬಾರದು ಎಂಬ ಕಾರಣಕ್ಕೇ ಚಾಕು ಹಿಡಿಯುವ ಮೊದಲು ರೋಗದ ಹರವನ್ನು ಅಳೆಯುತ್ತಾರೆ. ಸ್ಟೇಜಿಂಗ್ ಎಂದರೆ ಇಷ್ಟೇ.

ಈ ಅಳತೆಗೆ ಜಗತ್ತಿನಾದ್ಯಂತ ಬಳಸುವ ಪದ್ಧತಿ ಟಿ-ಎನ್-ಎಂ. ಫ್ರಾನ್ಸಿನ ಶಸ್ತ್ರವೈದ್ಯ ಪಿಯರ್ ಡೆನ್ವಾ 1940ರ ದಶಕದಲ್ಲಿ ಇದಕ್ಕೆ ತಳಹದಿ ಹಾಕಿದರು. ಟಿ ಅಂದರೆ ಮೂಲ ಗಡ್ಡೆ ಎಷ್ಟು ದೊಡ್ಡದು, ಸುತ್ತಲಿನ ಏನನ್ನು ಹಿಡಿದುಕೊಂಡಿದೆ ಎಂಬುದು. ಎನ್ ಅಂದರೆ ಹತ್ತಿರದ ದುಗ್ಧರಸ ಗ್ರಂಥಿಗಳಿಗೆ, ಅಂದರೆ ಕುತ್ತಿಗೆಯಲ್ಲೋ ಕಂಕುಳಲ್ಲೋ ನಾವು ‘ಗಂಟು’ ಎಂದು ಮುಟ್ಟಿ ನೋಡುವ ಜಾಗಗಳಿಗೆ, ರೋಗ ಇಳಿದಿದೆಯೇ ಎಂಬುದು. ಎಂ ಅಂದರೆ ದೂರದ ಅಂಗಗಳಿಗೆ ಹೋಗಿದೆಯೇ ಎಂಬುದು. ಟಿ ತಿಳಿಯಲು ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ, ಎಂಡೋಸ್ಕೋಪಿ, ಸಿ.ಟಿ., ಎಂ.ಆರ್.ಐ. ಇವೇ ಇಂದಿಗೂ ಮುಖ್ಯ. ಪೆಟ್‌ನ ಬಲ ಇರುವುದು ಎನ್ ಮತ್ತು ಎಂ ವಿಷಯದಲ್ಲಿ, ಅದರಲ್ಲೂ ಎಂ ವಿಷಯದಲ್ಲಿ.

ಅದು ಹೇಗೆ ನೋಡುತ್ತದೆ? ಸಿ.ಟಿ. ನೋಡುವುದು ಆಕಾರವನ್ನು. ಗಂಟು ದೊಡ್ಡದಾಗಿದ್ದರೆ ಅನುಮಾನ ಪಡುತ್ತದೆ, ಚಿಕ್ಕದಾಗಿದ್ದರೆ ಬಿಟ್ಟುಬಿಡುತ್ತದೆ. ಪೆಟ್ ನೋಡುವುದು ಹಸಿವನ್ನು. ಕ್ಯಾನ್ಸರ್ ಅಂಗಾಂಶ ಸಕ್ಕರೆಯನ್ನು ವಿಪರೀತವಾಗಿ ಬಳಸುತ್ತದೆ ಎಂಬುದನ್ನು ಜರ್ಮನಿಯ ವಿಜ್ಞಾನಿ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ಕಂಡಿದ್ದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದರ ಕುಲುಮೆ ಉರಿಯುತ್ತಿದ್ದದ್ದು ಮಲೆನಾಡಿನ ಕಾಡಿನ ಇದ್ದಿಲಿನಿಂದ. ಆ ಕಾಲದಲ್ಲಿ ಇದ್ದಿಲು ತುಂಬಿದ ಗಾಡಿಗಳೆಲ್ಲ ಎಲ್ಲಿಗೆ ಹೋಗಿ ಸೇರುತ್ತಿವೆ ಎಂದು ನೋಡಿದ್ದರೆ ಸಾಕಿತ್ತು, ಕುಲುಮೆ ಇರುವ ಜಾಗ ಗೊತ್ತಾಗುತ್ತಿತ್ತು. ಪೆಟ್ ಮಾಡುವುದು ಇದನ್ನೇ. ಗುರುತು ಹಚ್ಚಿದ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟು, ಅದು ಎಲ್ಲೆಲ್ಲಿ ರಾಶಿ ಬೀಳುತ್ತದೆ ಎಂದು ಹೊರಗಿನಿಂದ ಗಮನಿಸುತ್ತದೆ.

ಆ ಸಕ್ಕರೆಯ ಹೆಸರು ಎಫ್‌ಡಿಜಿ. ಗ್ಲೂಕೋಸಿಗೆ ಫ್ಲೋರಿನ್-18 ಎಂಬ ವಿಕಿರಣಶೀಲ ಪರಮಾಣು ಅಂಟಿಸಿದ ಪದಾರ್ಥ. ಜೀವಕೋಶ ಇದನ್ನು ನಿಜವಾದ ಸಕ್ಕರೆಯೆಂದೇ ಒಳಗೆ ಬಿಟ್ಟುಕೊಂಡು ಅರಗಿಸುವ ಮೊದಲ ಹೆಜ್ಜೆಯನ್ನೂ ಇಡುತ್ತದೆ. ಮುಂದಿನ ಹೆಜ್ಜೆ ಸಾಗುವುದಿಲ್ಲ. ಅರಗಲೂ ಆಗದೆ, ಸುಲಭವಾಗಿ ಹೊರಗೆ ಬರಲೂ ಆಗದೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಫ್ಲೋರಿನ್-18 ಒಡೆಯುವಾಗ ಪಾಸಿಟ್ರಾನ್ ಎಂಬ ಕಣ ಹೊರಬಿದ್ದು, ಮಿಲಿಮೀಟರಿನಷ್ಟು ದೂರವೂ ಹೋಗದೆ ಒಂದು ಎಲೆಕ್ಟ್ರಾನಿಗೆ ತಾಗಿ ಎರಡೂ ಇಲ್ಲವಾಗುತ್ತವೆ. ಆ ಗಳಿಗೆಯಲ್ಲಿ ಎರಡು ಗಾಮಾ ಕಿರಣಗಳು ಒಂದಕ್ಕೊಂದು ಬೆನ್ನು ಹಾಕಿ ನೇರ ಎದುರು ದಿಕ್ಕಿಗೆ ಓಡುತ್ತವೆ. ರೋಗಿಯ ಸುತ್ತ ಬಳೆಯಂತೆ ಕೂರಿಸಿದ ಸಂವೇದಕಗಳು ಜೋಡಿ ಕಿರಣಗಳನ್ನು ಒಟ್ಟಿಗೆ ಹಿಡಿದು, ಇವು ಹುಟ್ಟಿದ್ದು ಈ ಗೆರೆಯ ಮೇಲೆ ಎಂದು ಲೆಕ್ಕ ಹಾಕುತ್ತವೆ. ಲಕ್ಷಾಂತರ ಗೆರೆಗಳು ಕೂಡಿದಾಗ ಚಿತ್ರ ಮೂಡುತ್ತದೆ. ಎಫ್‌ಡಿಜಿಯನ್ನು ಮನುಷ್ಯರಿಗೆ ಮೊದಲು ಕೊಟ್ಟದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಹಸಿವಿನ ಚಿತ್ರವನ್ನೂ ಆಕಾರದ ಚಿತ್ರವನ್ನೂ ಒಂದೇ ಮೇಜಿನ ಮೇಲೆ ತೆಗೆಯುವ ಪೆಟ್-ಸಿ.ಟಿ. ಯಂತ್ರ ಮಾರುಕಟ್ಟೆಗೆ ಬಂದದ್ದು 2001ರಲ್ಲಿ. ಇಂಥ ವಿಕಿರಣಶೀಲ ಪರಮಾಣುಗಳನ್ನು ತಯಾರಿಸುವ ಯಂತ್ರವಾದ ಸೈಕ್ಲೋಟ್ರಾನ್, ವೈದ್ಯಕೀಯ ಬಳಕೆಗೆಂದು ಭಾರತದಲ್ಲಿ ಮೊದಲನೆಯದು, ಮತ್ತು ಮೊದಲ ಪೆಟ್ 2002ರಲ್ಲಿ ಮುಂಬೈಯ ವಿಕಿರಣ ವೈದ್ಯಕೀಯ ಕೇಂದ್ರದಲ್ಲಿ ಕೆಲಸ ಶುರುಮಾಡಿದವು. ಈಗ ಎಲ್ಲರೂ ‘ಪೆಟ್’ ಎನ್ನುವುದು ಪೆಟ್-ಸಿ.ಟಿ.ಯನ್ನೇ.

ಮಲೆನಾಡಿನವರು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ. ಪ್ರತಿ 110 ನಿಮಿಷಕ್ಕೆ ಅದರ ಬಲ ಅರ್ಧಕ್ಕಿಳಿಯುತ್ತದೆ. ಬೆಂಗಳೂರಿನ ಸೈಕ್ಲೋಟ್ರಾನಿನಲ್ಲಿ ತಯಾರಾದ ಔಷಧ ರಸ್ತೆಯಲ್ಲಿ ಐದೂವರೆ ಗಂಟೆ ಹಿಡಿದು ಶಿವಮೊಗ್ಗ ಮುಟ್ಟುವಷ್ಟರಲ್ಲಿ ಮೂರು ಅರ್ಧಾಯುಷ್ಯ ಕಳೆದಿರುತ್ತದೆ, ಎಂಟರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. ಹತ್ತು ಜನರಿಗೆ ಬೇಕಾದಷ್ಟು ಉಳಿಯಬೇಕಿದ್ದರೆ ಎಂಬತ್ತು ಜನರಿಗಾಗುವಷ್ಟು ಕಳಿಸಬೇಕು. ಆದ್ದರಿಂದ ಪೆಟ್ ಎಂಬುದು ಯಂತ್ರ ಕೊಂಡು ಕೋಣೆಯಲ್ಲಿ ನಿಲ್ಲಿಸಿದರೆ ಮುಗಿಯುವ ಮಾತಲ್ಲ. ಪ್ರತಿದಿನ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬರುವ ಔಷಧ, ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ, ನ್ಯೂಕ್ಲಿಯರ್ ಮೆಡಿಸಿನ್ ತಜ್ಞರು, ಇವೆಲ್ಲ ಕೂಡಿಬಂದಾಗ ಮಾತ್ರ ಅದು ಸೇವೆಯಾಗುತ್ತದೆ. ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ 2023ರಲ್ಲಿ ಉದ್ಘಾಟನೆಯಾಗಿ ಆ ವರ್ಷವೇ ಬೆಂಗಳೂರಿನ ವಿಮಾನ ಹಾರತೊಡಗಿದಾಗ ನಮ್ಮಲ್ಲಿ ಹೆಚ್ಚು ಮಾತಾದದ್ದು ಪ್ರವಾಸ ಮತ್ತು ವ್ಯಾಪಾರದ ಬಗ್ಗೆ. ಗಂಟೆ ಲೆಕ್ಕದಲ್ಲಿ ಆಯುಸ್ಸು ಕಳೆದುಕೊಳ್ಳುವ ಇಂಥ ಔಷಧಗಳಿಗೂ ಆಕಾಶಮಾರ್ಗ ದೊಡ್ಡ ಅನುಕೂಲ. ಜಿಲ್ಲೆಯ ಆರೋಗ್ಯ ಯೋಜನೆ ಬರೆಯುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಇನ್ನು ಮುಖ್ಯ ಪ್ರಶ್ನೆ: ಇದರಿಂದ ಆಪರೇಷನ್ ನಿರ್ಧಾರ ನಿಜವಾಗಿ ಬದಲಾಗುತ್ತದೆಯೇ? ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇದಕ್ಕೆ ಗಟ್ಟಿ ಉತ್ತರ ಇದೆ. ನೆದರ್‌ಲೆಂಡ್ಸಿನಲ್ಲಿ 188 ರೋಗಿಗಳನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಮಾಮೂಲಿ ಪರೀಕ್ಷೆ, ಇನ್ನೊಂದಕ್ಕೆ ಅದರ ಜೊತೆಗೆ ಪೆಟ್ ಮಾಡಿದರು. ಫಲಿತಾಂಶ 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಎದೆ ತೆರೆದದ್ದು ವ್ಯರ್ಥವಾಯಿತು ಎನ್ನಬೇಕಾದವರು ಮೊದಲ ಗುಂಪಿನಲ್ಲಿ 41%, ಪೆಟ್ ಮಾಡಿಸಿದವರಲ್ಲಿ 21%. ಪೆಟ್ ಮಾಡಿಸಿದ ಐವರಲ್ಲಿ ಒಬ್ಬರಿಗೆ ಒಂದು ನಿರರ್ಥಕ ಶಸ್ತ್ರಚಿಕಿತ್ಸೆ ತಪ್ಪಿತು. ಏಳು ವರ್ಷಗಳ ನಂತರ ಡೆನ್ಮಾರ್ಕಿನವರು ಪೆಟ್-ಸಿ.ಟಿ. ಬಳಸಿ 189 ರೋಗಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ಅಲ್ಲಿಯೂ ವ್ಯರ್ಥ ಆಪರೇಷನ್‌ಗಳ ಸಂಖ್ಯೆ 38ರಿಂದ 21ಕ್ಕೆ ಇಳಿಯಿತು.

ಆದರೆ ಡೆನ್ಮಾರ್ಕಿನ ಆ ಅಧ್ಯಯನದ ಇನ್ನೊಂದು ಸಾಲನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಎರಡು ಗುಂಪುಗಳಲ್ಲಿ ಒಟ್ಟಾರೆ ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ಪೆಟ್ ರೋಗವನ್ನು ವಾಸಿ ಮಾಡುವುದಿಲ್ಲ, ಆಯುಸ್ಸನ್ನು ತಾನಾಗಿ ಉದ್ದಮಾಡುವುದೂ ಇಲ್ಲ. ತಪ್ಪು ದಾರಿಯಲ್ಲಿ ಹೋಗುವುದನ್ನು ತಡೆಯುತ್ತದೆ. ಎದೆಗೂಡು ಸೀಳಿಸಿಕೊಂಡು ತಿಂಗಳುಗಟ್ಟಲೆ ಮಲಗಬೇಕಾಗಿದ್ದವನಿಗೆ ಆ ತಿಂಗಳುಗಳನ್ನು ಮನೆಯಲ್ಲಿ, ಸರಿಯಾದ ಔಷಧದ ಜೊತೆ ಕಳೆಯುವ ಅವಕಾಶ ಕೊಡುತ್ತದೆ. ನನ್ನ ಮಟ್ಟಿಗೆ ಇದು ಸಣ್ಣ ಲಾಭವೇನಲ್ಲ. ಆದರೆ ‘ಪೆಟ್ ಮಾಡಿಸಿದರೆ ಜೀವ ಉಳಿಯುತ್ತದೆ’ ಎಂದು ಯಾರಾದರೂ ಹೇಳಿದರೆ ಆ ಮಾತು ತಪ್ಪು.

ನಮ್ಮ ಕಡೆ ಶ್ವಾಸಕೋಶಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ಬಾಯಿ ಕ್ಯಾನ್ಸರು. ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು; ಆಮೇಲೆ ಬಂದ ಗುಟ್ಕಾ. ದವಡೆಯ ಸಂದಿಯಲ್ಲಿ ಇಟ್ಟುಕೊಂಡದ್ದು ಅಲ್ಲಿಯೇ ಹುಣ್ಣಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪು ಸೇರದ ಎಲೆಅಡಿಕೆಯನ್ನೂ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ ವರದಿ 2004ರಲ್ಲಿ ಪ್ರಕಟವಾಯಿತು. ಅಡಿಕೆಯ ಮೇಲೆಯೇ ನಿಂತ ನಾಡಿನಲ್ಲಿ ಇದು ಕಹಿ ಮಾತು. ತೋಟದವರ ಬದುಕಿನ ಚಿಂತೆಯೂ ನಿಜ, ದವಡೆಯ ಹುಣ್ಣೂ ನಿಜ. ಒಂದರ ಸಲುವಾಗಿ ಇನ್ನೊಂದನ್ನು ಮುಚ್ಚಿಡಬಾರದು.

ಬಾಯಿಯ ಹುಣ್ಣು ಚಿಕ್ಕದಿದ್ದು ಕುತ್ತಿಗೆಯಲ್ಲಿ ಗಂಟು ಸಿಗದಿದ್ದರೆ ಪೆಟ್ ಸಾಮಾನ್ಯವಾಗಿ ಬೇಕಿಲ್ಲ. ದೂರಕ್ಕೆ ಹರಡಿರುವ ಸಾಧ್ಯತೆ ತೀರಾ ಕಡಿಮೆ. ಕುತ್ತಿಗೆಯ ವಿಷಯದಲ್ಲಂತೂ ‘ಪೆಟ್‌ನಲ್ಲಿ ಏನೂ ಹೊಳೆದಿಲ್ಲ, ಹಾಗಾಗಿ ಕುತ್ತಿಗೆ ಕೊಯ್ಯುವುದು ಬೇಡ’ ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ಕಾರಣ ನಮ್ಮ ದೇಶದ್ದೇ ಒಂದು ದೊಡ್ಡ ಅಧ್ಯಯನದಲ್ಲಿದೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು 2015ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ, ಕೈಗೆ ಗಂಟು ಸಿಗದ ಆರಂಭದ ಬಾಯಿ ಕ್ಯಾನ್ಸರಿನವರಿಗೂ ಮೊದಲ ಆಪರೇಷನ್ನಿನಲ್ಲೇ ಕುತ್ತಿಗೆಯ ಗ್ರಂಥಿಗಳನ್ನು ತೆಗೆದಾಗ ಮೂರು ವರ್ಷಕ್ಕೆ ಬದುಕಿದ್ದವರು 80%. ಗಂಟು ಕಾಣಿಸಲಿ, ಆಮೇಲೆ ತೆಗೆಯೋಣ ಎಂದು ಕಾದವರಲ್ಲಿ 67.5%. ಮೊದಲೇ ತೆಗೆದವರ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸುಮಾರು 30% ಜನರಲ್ಲಿ ರೋಗ ಇತ್ತು. ಅಂದರೆ ಯಾವ ಬೆರಳಿಗೂ ಸಿಗದಷ್ಟು ಸಣ್ಣದಾಗಿ ಕೂತಿತ್ತು. ಪೆಟ್‌ನ ಕಣ್ಣಿಗೂ ಒಂದು ಮಿತಿ ಇದೆ. ಎಂಟು-ಹತ್ತು ಮಿಲಿಮೀಟರಿಗಿಂತ ಚಿಕ್ಕದನ್ನು ಅದು ನೆಚ್ಚುವಂತೆ ಹಿಡಿಯಲಾರದು.

ಅದೇ ಬಾಯಿ ಕ್ಯಾನ್ಸರು ಮೂರನೆಯ, ನಾಲ್ಕನೆಯ ಹಂತದಲ್ಲಿದೆ ಎನ್ನಿ. ದವಡೆಯ ಮೂಳೆ ಹಿಡಿದಿದೆ, ಕುತ್ತಿಗೆಯ ಕೆಳಭಾಗದವರೆಗೆ ಗಂಟುಗಳಿವೆ. ಈಗ ಮಾಡಬೇಕಾದ ಆಪರೇಷನ್ ಹತ್ತು ಗಂಟೆಯದ್ದಾಗಬಹುದು. ದವಡೆ ತೆಗೆದು, ಕಾಲಿನ ಮೂಳೆಯನ್ನೋ ಎದೆಯ ಮಾಂಸವನ್ನೋ ತಂದು ಮುಖ ಕಟ್ಟಬೇಕು. ಅಷ್ಟೆಲ್ಲ ಮಾಡುವ ಮೊದಲು ಶ್ವಾಸಕೋಶದಲ್ಲಿ ಚುಕ್ಕೆಗಳಿವೆಯೇ ಎಂದು ನೋಡಿಕೊಳ್ಳುವುದು ನ್ಯಾಯ. ಇಲ್ಲಿ ಪೆಟ್ ಕೇಳುವ ವೈದ್ಯರು ಸರಿಯಾದದ್ದನ್ನೇ ಕೇಳುತ್ತಿದ್ದಾರೆ. ಬಾಯೊಳಗೆ, ಗಂಟಲೊಳಗೆ ಏನೂ ಕಾಣದೆ ಕುತ್ತಿಗೆಯ ಗಂಟಿನಲ್ಲಿ ಮಾತ್ರ ಕ್ಯಾನ್ಸರ್ ಸಿಕ್ಕಾಗಲೂ ಹಾಗೆಯೇ. ಮೂಲ ಎಲ್ಲಿ ಅಡಗಿದೆ ಎಂದು ಹುಡುಕಲು ಪೆಟ್ ಒಳ್ಳೆಯ ಸಹಾಯಕ, ಅದನ್ನು ಗಂಟಲಿನ ಬಯಾಪ್ಸಿಗಳಿಗೆ ಮೊದಲೇ ಮಾಡಿಸಬೇಕು.

ಸ್ತನ ಕ್ಯಾನ್ಸರಿನಲ್ಲೂ ಇದೇ ವಿವೇಕ. ಗಡ್ಡೆ ಚಿಕ್ಕದು, ಕಂಕುಳಲ್ಲಿ ಗಂಟಿಲ್ಲ, ಬೇರೆ ತೊಂದರೆ ಇಲ್ಲ ಎಂದಾದರೆ ಪೆಟ್ ಬೇಡ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವೇ 2012ರಲ್ಲಿ ತನ್ನ ಸದಸ್ಯರಿಗೆ ಇದನ್ನು ಮಾಡಬೇಡಿ ಎಂದು ಹೇಳಿತು. ಸುಮ್ಮನೆ ಮಾಡಿಸಿದರೆ ಏನು ನಷ್ಟ ಎಂದು ಕೇಳಬಹುದು. ಎಲ್ಲೋ ಒಂದು ಕಡೆ ಅರ್ಥವಿಲ್ಲದ ಹೊಳಪು ಕಾಣುತ್ತದೆ, ಅದರ ಬೆನ್ನುಹತ್ತಿ ಇನ್ನೆರಡು ಪರೀಕ್ಷೆ, ಒಂದು ಸೂಜಿ, ಮೂರು ವಾರ. ಆ ಮೂರು ವಾರದಲ್ಲಿ ಆಕೆ ಆಪರೇಷನ್ ಮುಗಿಸಿ ಮನೆಗೆ ಬಂದಿರುತ್ತಿದ್ದಳು. ಗಡ್ಡೆ ದೊಡ್ಡದಾಗಿ ಕಂಕುಳಿನ ಗಂಟುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಮಾತು ಬೇರೆ. ಕೆನಡಾದಲ್ಲಿ ಇಂಥ ಮುಂದುವರಿದ ಹಂತದ 369 ಮಹಿಳೆಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೆಟ್ ಮಾಡಿಸಿದವರಲ್ಲಿ 23% ಜನರಿಗೆ ರೋಗ ಆಗಲೇ ದೂರ ಹರಡಿರುವುದು ಗೊತ್ತಾಯಿತು. ಮಾಮೂಲಿ ಸ್ಕ್ಯಾನ್ ಮಾಡಿಸಿದವರಲ್ಲಿ ಗೊತ್ತಾದದ್ದು 11%.

ಅನ್ನನಾಳದ ಕ್ಯಾನ್ಸರಿನ ಆಪರೇಷನ್ ಎದೆ, ಹೊಟ್ಟೆ ಎರಡನ್ನೂ ಮುಟ್ಟುವಂಥದ್ದು, ಅಲ್ಲಿ ಪೆಟ್ ಉಪಯುಕ್ತ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಕಿಬ್ಬೊಟ್ಟೆಯ ಗ್ರಂಥಿಗಳಲ್ಲಿ ರೋಗ ಇದೆಯೆಂದು ಮೊದಲೇ ತಿಳಿದರೆ ಆಪರೇಷನ್ ಬಿಟ್ಟು ನೇರ ರೇಡಿಯೇಷನ್-ಕೀಮೋಗೆ ಹೋಗಬಹುದು, ಎರಡೆರಡು ಚಿಕಿತ್ಸೆಯ ಭಾರ ತಪ್ಪುತ್ತದೆ. ದೊಡ್ಡ ಕರುಳಿನ ಕ್ಯಾನ್ಸರು ಯಕೃತ್ತಿಗೆ ಹೋದಾಗ, ಒಳ್ಳೆಯ ಸಿ.ಟಿ. ಆದ ಮೇಲೆ ಪೆಟ್‌ನಿಂದ ಬದಲಾದದ್ದು ಅತ್ಯಲ್ಪ ಎಂದು 404 ರೋಗಿಗಳ ಇನ್ನೊಂದು ಕೆನಡಾ ಅಧ್ಯಯನ 2014ರಲ್ಲಿ ತೋರಿಸಿತು. ಹೀಗೆ ಒಂದೊಂದು ಅಂಗಕ್ಕೆ ಒಂದೊಂದು ಲೆಕ್ಕ. ಪಕ್ಕದ ಮನೆಯವರಿಗೆ ಮಾಡಿಸಿದರು, ನಮಗೇಕೆ ಬರೆಯಲಿಲ್ಲ ಎಂಬ ಹೋಲಿಕೆಯಿಂದ ಏನೂ ಸಿಗುವುದಿಲ್ಲ.

ಈಗ ಹೇಳುವುದನ್ನು ದಯವಿಟ್ಟು ನಿಧಾನವಾಗಿ ಓದಬೇಕು. ಪೆಟ್‌ನಲ್ಲಿ ಹೊಳೆದದ್ದೆಲ್ಲ ಕ್ಯಾನ್ಸರಲ್ಲ. ಸಕ್ಕರೆಗೆ ಹಸಿದವರು ಕ್ಯಾನ್ಸರ್ ಕೋಶಗಳು ಮಾತ್ರ ಅಲ್ಲ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳೂ ಅಷ್ಟೇ ಹಸಿದಿರುತ್ತವೆ. ಕೀವು, ಇತ್ತೀಚಿನ ಆಪರೇಷನ್ನಿನ ಗಾಯ, ಹಲ್ಲಿನ ಬೇರಿನ ಸೋಂಕು, ಎಲ್ಲವೂ ಹೊಳೆಯುತ್ತವೆ. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡವರ ಕಂಕುಳಿನ ಗ್ರಂಥಿಗಳು ಹೊಳೆದು ಜಗತ್ತಿನಾದ್ಯಂತ ವೈದ್ಯರಿಗೆ ತಲೆಬಿಸಿಯಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ದೇಶದಲ್ಲಿ ಕ್ಷಯ ಇದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದವರು. ಎದೆಯ ನಡುವಿನ ಗ್ರಂಥಿಗಳಲ್ಲಿ ಹಳೆಯದೋ ಹೊಸದೋ ಟಿ.ಬಿ. ಇದ್ದರೆ ಅವು ಕ್ಯಾನ್ಸರಿನಷ್ಟೇ ಉಜ್ವಲವಾಗಿ ಹೊಳೆಯಬಲ್ಲವು. ಕಲ್ಲಿನ ದೂಳು ಕುಡಿದ ಶ್ವಾಸಕೋಶದ ಗ್ರಂಥಿಗಳೂ ಹಾಗೆಯೇ.

ಭದ್ರಾವತಿ ಮತ್ತು ಶಿವಮೊಗ್ಗದ ನಡುವೆ ಮಾಚೇನಹಳ್ಳಿಯಲ್ಲಿ ಫೌಂಡ್ರಿಗಳಿವೆ. ಅಚ್ಚಿನ ಮರಳು ಬಡಿದು ಬದುಕು ಸವೆಸಿದವರು ಈ ಊರುಗಳಲ್ಲಿ ಸಾವಿರಾರು ಮಂದಿ. ಅಂಥವರೊಬ್ಬರಿಗೆ, ಬೀಡಿಯ ಅಭ್ಯಾಸವೂ ಇದ್ದವರಿಗೆ, ಶ್ವಾಸಕೋಶದಲ್ಲಿ ಒಂದು ಗಡ್ಡೆ ಬಂತು ಎಂದುಕೊಳ್ಳಿ. ಪೆಟ್‌ನಲ್ಲಿ ಗಡ್ಡೆಯ ಜೊತೆಗೆ ಎದೆಯ ನಡುವಿನ ಎರಡೂ ಬದಿಯ ಗ್ರಂಥಿಗಳು ಹೊಳೆದವು. ಕಾಗದದ ಮೇಲೆ ಓದಿದರೆ ಇದು ಆಪರೇಷನ್ ಮೀರಿದ ಹಂತ. ಆದರೆ ಆ ಗ್ರಂಥಿಗಳಲ್ಲಿ ಇರುವುದು ಮರಳಿನ ದೂಳೋ ಕ್ಷಯವೋ ಆಗಿದ್ದರೆ? ಗುಣವಾಗಬಹುದಾಗಿದ್ದ ಮನುಷ್ಯನಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸಿದಂತಾಯಿತು. ಸುಮ್ಮನೆ ಆಪರೇಷನ್ ಮಾಡುವುದಕ್ಕಿಂತ ಇದು ದೊಡ್ಡ ಅನ್ಯಾಯ. ಹಾಗಾಗಿಯೇ ಪ್ರಮುಖ ವೈದ್ಯಕೀಯ ಮಾರ್ಗಸೂಚಿಗಳು ಒಂದು ಮಾತು ಹೇಳುತ್ತವೆ: ಯಾವ ಹೊಳಪಿನಿಂದ ಆಪರೇಷನ್ ನಿಲ್ಲುತ್ತದೋ ಆ ಜಾಗದಿಂದ ತುಣುಕು ತೆಗೆದು ಪರೀಕ್ಷೆ ಮಾಡಿಯೇ ಹೇಳಬೇಕು. ಎದೆಯ ಗ್ರಂಥಿಗಳಿಗೆ ಶ್ವಾಸನಾಳದ ಮೂಲಕ ಅಲ್ಟ್ರಾಸೌಂಡ್ ಬಿಟ್ಟು ಸೂಜಿ ಹಾಕುವ ವಿಧಾನ ಇದೆ. ಕ್ಷಯ ಮೊದಲೇ ಆಗಿದ್ದರೆ, ದೂಳಿನ ಕೆಲಸ ಮಾಡಿದ್ದರೆ, ಅದನ್ನು ಸ್ಕ್ಯಾನ್ ಮಾಡುವವರಿಗೂ ಓದುವವರಿಗೂ ಮನೆಯವರೇ ಬಾಯಿಬಿಟ್ಟು ಹೇಳಬೇಕು. ಎಷ್ಟೋ ಮನೆಗಳಲ್ಲಿ ಟಿ.ಬಿ.ಯನ್ನು ಮುಚ್ಚಿಡುತ್ತಾರೆ. ಇಲ್ಲಿ ಮುಚ್ಚಿಟ್ಟರೆ ಸ್ಟೇಜೇ ತಪ್ಪುತ್ತದೆ.

ರಿಪೋರ್ಟಿನಲ್ಲಿ ‘ಎಸ್‌ಯುವಿ’ ಎಂದು ಒಂದು ಅಂಕಿ ಇರುತ್ತದೆ. ಒಂದು ಜಾಗ ಸಕ್ಕರೆಯನ್ನು ದೇಹದ ಸರಾಸರಿಗಿಂತ ಎಷ್ಟು ಪಟ್ಟು ಹೀರಿದೆ ಎಂಬುದರ ಲೆಕ್ಕ ಅದು. 2.5 ದಾಟಿದರೆ ಕ್ಯಾನ್ಸರ್ ಎಂದು ಹಿಂದೆ ಒಂದು ಗೆರೆ ಎಳೆದಿದ್ದರು, ಆ ಗೆರೆಯನ್ನು ಈಗ ಯಾರೂ ನೆಚ್ಚುವುದಿಲ್ಲ. ಅಂಕಿ ನೋಡಿ ಮೊಬೈಲಿನಲ್ಲಿ ಹುಡುಕಿ ರಾತ್ರಿಯೆಲ್ಲ ನಿದ್ದೆಗೆಡುವ ಮಕ್ಕಳಿಗೆ ಹೇಳಬೇಕಾದ್ದು ಇದು: ಆ ಅಂಕಿ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ.

ಹೊಳೆಯದ್ದೆಲ್ಲ ಕ್ಷೇಮವೂ ಅಲ್ಲ. ಲೋಳೆ ತುಂಬಿದ ಕೆಲವು ಬಗೆಯ ಹೊಟ್ಟೆ, ಕರುಳಿನ ಕ್ಯಾನ್ಸರುಗಳು ಎಫ್‌ಡಿಜಿಯನ್ನು ಸರಿಯಾಗಿ ಹೀರುವುದಿಲ್ಲ. ಮೆದುಳು ಯಾವಾಗಲೂ ಸಕ್ಕರೆ ತಿನ್ನುವ ಅಂಗ, ಅದರ ಸಹಜ ಬೆಳಕಿನಲ್ಲಿ ಅಲ್ಲಿನ ಗಡ್ಡೆ ಮರೆಯಾಗುತ್ತದೆ, ಅದಕ್ಕೆ ಎಂ.ಆರ್.ಐ. ಬೇಕು. ಔಷಧ ಮೂತ್ರದಲ್ಲಿ ಹೊರಹೋಗುವುದರಿಂದ ಮೂತ್ರಕೋಶದ ಸುತ್ತಲೂ ನೋಡುವುದು ಕಷ್ಟ. ಪ್ರಾಸ್ಟೇಟ್ ಕ್ಯಾನ್ಸರಿಗೆ ಸಕ್ಕರೆಯ ಬದಲು ಪಿಎಸ್‌ಎಂಎ ಎಂಬ ಬೇರೆಯದೇ ಗುರುತಿನ ಔಷಧ ಬಳಸುತ್ತಾರೆ. ಚೀಟಿಯಲ್ಲಿ ಬರೀ ‘ಪೆಟ್’ ಎಂದಿದ್ದರೆ ಯಾವ ಪೆಟ್ ಎಂದು ಕೇಳಿಕೊಂಡೇ ಹೊರಡುವುದು ಒಳ್ಳೆಯದು.

ಸ್ಕ್ಯಾನಿನ ದಿನದ ಬಗ್ಗೆ ಕೆಲವು ಮಾತು. ನಾಲ್ಕರಿಂದ ಆರು ಗಂಟೆ ಏನೂ ತಿನ್ನಬಾರದು, ನೀರು ಕುಡಿಯಬಹುದು. ಸಕ್ಕರೆ ಹಾಕಿದ ಕಾಫಿಯೂ ಬೇಡ, ಎಳನೀರೂ ಬೇಡ. ರಕ್ತದ ಸಕ್ಕರೆ 200 ದಾಟಿದರೆ ಬಹುತೇಕ ಕೇಂದ್ರಗಳು ಅಂದು ಸ್ಕ್ಯಾನ್ ಮಾಡುವುದಿಲ್ಲ. ರಕ್ತದಲ್ಲಿರುವ ಸಕ್ಕರೆಯೇ ಔಷಧಕ್ಕೆ ಪೈಪೋಟಿ ಕೊಡುತ್ತದೆ. ಮಧುಮೇಹದವರು ಇದನ್ನು ಊರಿನಲ್ಲೇ ಸರಿಮಾಡಿಕೊಂಡು ಹೋಗಬೇಕು, ಇಲ್ಲವಾದರೆ ಜನಶತಾಬ್ದಿಯಲ್ಲಿ ಹೋದ ದಾರಿಗೆ ಸುಂಕವಿಲ್ಲದೆ ಸಂಜೆಯ ಗಾಡಿಗೆ ವಾಪಸಾಗಬೇಕಾಗುತ್ತದೆ. ಮೆಟ್‌ಫಾರ್ಮಿನ್ ಮಾತ್ರೆಯಿಂದ ಕರುಳು ಹೊಳೆಯುವುದುಂಟು. ನಿಲ್ಲಿಸಬೇಕೇ ಬೇಡವೇ ಎಂಬುದನ್ನು ಡಾಕ್ಟರು ಹೇಳಲಿ, ಸ್ವಂತ ತೀರ್ಮಾನ ಬೇಡ. ಹಿಂದಿನ ದಿನ ಭಾರ ಹೊರುವುದು, ತೋಟದ ಕೆಲಸ ಬಿಡಬೇಕು, ದುಡಿದ ಸ್ನಾಯುಗಳು ಸಕ್ಕರೆ ಹೀರುತ್ತವೆ. ಚಳಿಯಾದರೆ ಕುತ್ತಿಗೆಯ ಸುತ್ತಲಿನ ಕಂದು ಕೊಬ್ಬು ಹೊತ್ತಿಕೊಂಡು ಗ್ರಂಥಿಗಳಂತೆ ಕಾಣುತ್ತದೆ, ಹಾಗಾಗಿ ಶಾಲು, ಸ್ವೆಟರು ಜೊತೆಗಿರಲಿ. ಔಷಧ ಕೊಟ್ಟ ಮೇಲೆ ಸುಮಾರು ಒಂದು ಗಂಟೆ ಸುಮ್ಮನೆ ಕೂರಬೇಕು. ಬಾಯಿ, ಗಂಟಲಿನ ರೋಗಿಗಳು ಆ ಹೊತ್ತಿನಲ್ಲಿ ಮಾತಾಡಬಾರದು, ಏನನ್ನೂ ಜಗಿಯಬಾರದು. ಜಗಿದ ದವಡೆ, ಮಾತಾಡಿದ ಗಂಟಲು ಎರಡೂ ಹೊಳೆದು ಓದುವವರನ್ನು ದಾರಿತಪ್ಪಿಸುತ್ತವೆ. ಎಲೆಅಡಿಕೆಯ ಚೀಲ ಮನೆಯಲ್ಲೇ ಇರಲಿ. ಯಂತ್ರದೊಳಗೆ ಮಲಗುವುದು ಅರ್ಧ ಗಂಟೆಯೊಳಗಿನ ಮಾತು, ನೋವಿಲ್ಲ.

ವಿಕಿರಣದ ಭಯ ಬಹಳ ಜನರಿಗಿದೆ. ಪೆಟ್-ಸಿ.ಟಿ.ಯಿಂದ ಮೈಗೆ ತಗಲುವುದು ಸಾಮಾನ್ಯವಾಗಿ 10ರಿಂದ 25 ಮಿಲಿಸೀವರ್ಟ್. ಭೂಮಿ, ಆಕಾಶದಿಂದ ಸಹಜವಾಗಿ ವರ್ಷಕ್ಕೆ ಸರಾಸರಿ 2.4 ಹೇಗೂ ತಗಲುತ್ತಿರುತ್ತದೆ. ಕ್ಯಾನ್ಸರ್ ಖಚಿತವಾಗಿರುವ ವ್ಯಕ್ತಿಗೆ ಅಗತ್ಯ ಇದ್ದಾಗ ಇದು ಹೆದರಬೇಕಾದ ಪ್ರಮಾಣವಲ್ಲ, ಅಗತ್ಯ ಇಲ್ಲದಿದ್ದಾಗ ಸುಮ್ಮನೆ ತಗುಲಿಸಿಕೊಳ್ಳುವಂಥದ್ದೂ ಅಲ್ಲ. ಅಂದು ಸಂಜೆಯವರೆಗೆ ಬಸುರಿಯರನ್ನೂ ಎಳೆಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬಾರದು. ಮರುದಿನಕ್ಕೆ ಸಾವಿರದಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ, ಮೊಮ್ಮಗಳನ್ನು ಎತ್ತಿಕೊಳ್ಳಬಹುದು.

ಇನ್ನು ದುಡ್ಡು. ಖಾಸಗಿಯಲ್ಲಿ ಹತ್ತು ಸಾವಿರ ರೂಪಾಯಿ ದಾಟುವುದು ಮಾಮೂಲು, ಅದರ ಮೇಲೆ ಪ್ರಯಾಣ, ಜೊತೆಗೊಬ್ಬರ ಕೂಲಿ ನಷ್ಟ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ 30%ನಂತೆ 1.5 ಲಕ್ಷದವರೆಗೆ ನೆರವಿದೆ. ಸ್ಕ್ಯಾನ್ ಇದರೊಳಗೆ ಸೇರುತ್ತದೆಯೇ, ಯಾವ ಆಸ್ಪತ್ರೆಯಲ್ಲಿ ಸೇರುತ್ತದೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕೇ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರ ಬಳಿ ಹೊರಡುವ ಮೊದಲೇ ಕೇಳಿ. ದುಡ್ಡು ಕಟ್ಟಿ ಬಂದ ಮೇಲೆ ರಶೀದಿ ಹಿಡಿದು ಓಡಾಡಿದರೆ ಫಲ ಸಿಗುವುದು ಕಷ್ಟ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲ್ವೆ ಟಿಕೆಟಿನಲ್ಲಿ ರಿಯಾಯಿತಿ ಇದೆ, ಅದಕ್ಕೆ ಡಾಕ್ಟರ ಸಹಿಯ ನಮೂನೆ ಬೇಕು.

ಪರೀಕ್ಷೆಗಳ ಕ್ರಮದ ಬಗ್ಗೆಯೂ ಎಚ್ಚರ ಬೇಕು. ಪೆಟ್ ಮಾಡಿಸಿದ್ದೇವಲ್ಲ, ಇನ್ನು ಬಯಾಪ್ಸಿ ಯಾಕೆ ಎಂದು ಕೇಳುವವರಿದ್ದಾರೆ. ಸೂಜಿ ಚುಚ್ಚಿದರೆ ಹರಡುತ್ತದೆ ಎಂಬ ಹೆದರಿಕೆ ಹಳ್ಳಿಗಳಲ್ಲಿ ಮಾತ್ರವಲ್ಲ, ಓದಿದವರಲ್ಲೂ ಇದೆ. ಬಯಾಪ್ಸಿಯ ಜಾಗವನ್ನು ಯಾವ ಸ್ಕ್ಯಾನೂ ತುಂಬಲಾರದು. ಇನ್ನೊಂದು ತಪ್ಪು, ಪೆಟ್ ಮಾಡಿಸಿ ಇಟ್ಟುಕೊಂಡು ಮೂರು ತಿಂಗಳು ನಾಟಿ ಔಷಧ ಅಂತಲೋ ಮನೆಯ ಮದುವೆ ಅಂತಲೋ ಕಾಯುವುದು. ಎರಡು ತಿಂಗಳು ದಾಟಿದ ಪೆಟ್ ಹಳೆಯ ಪೆಟ್. ರೋಗ ಅಷ್ಟರಲ್ಲಿ ಮುಂದೆ ಹೋಗಿರಬಹುದು, ಆಪರೇಷನ್ ಮಾಡುವವರು ಮತ್ತೆ ಮಾಡಿಸಿ ಎನ್ನುತ್ತಾರೆ.

ಚೀಟಿ ಬರೆಸಿಕೊಳ್ಳುವಾಗ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಒಂದೇ, ಅದನ್ನು ಸಂಕೋಚವಿಲ್ಲದೆ ಕೇಳಬೇಕು: ‘ಸರ್, ಈ ಸ್ಕ್ಯಾನಿನಲ್ಲಿ ಏನು ಬಂದರೆ ಆಪರೇಷನ್ ಬದಲಾಗುತ್ತೆ?’ ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ. ‘ಶ್ವಾಸಕೋಶದಲ್ಲಿ ಏನಾದರೂ ಇದ್ದರೆ ಆಪರೇಷನ್ ಬಿಟ್ಟು ಕೀಮೋ ಕೊಡ್ತೀವಿ’ ಎಂಬಂಥ ಸ್ಪಷ್ಟ ಉತ್ತರ ಬಂದರೆ ಸಾಲ ಮಾಡಿಯಾದರೂ ಹೋಗಿ. ‘ಏನು ಬಂದರೂ ಆಪರೇಷನ್ ಮಾಡೋದೇ, ಇರಲಿ ಅಂತ’ ಎಂಬ ಉತ್ತರ ಬಂದರೆ ಆ ದುಡ್ಡನ್ನೂ ಆ ದಿನಗಳನ್ನೂ ಚಿಕಿತ್ಸೆಗೆ ಉಳಿಸಿಕೊಳ್ಳಿ. ಶಸ್ತ್ರವೈದ್ಯರು, ರೇಡಿಯೇಷನ್ ವೈದ್ಯರು, ಕೀಮೋ ವೈದ್ಯರು, ಪೆಥಾಲಜಿಸ್ಟ್ ಒಂದೇ ಮೇಜಿನ ಸುತ್ತ ಕೂತು ರೋಗಿಯ ಕಾಗದ ನೋಡುವ ಸಭೆಗೆ ಟ್ಯೂಮರ್ ಬೋರ್ಡ್ ಎನ್ನುತ್ತಾರೆ. ಯಾರಿಗೆ ಪೆಟ್ ಬೇಕು ಎಂಬುದು ಅಲ್ಲಿ ತೀರ್ಮಾನವಾದರೆ ತಪ್ಪು ಕಡಿಮೆ. ನಮ್ಮ ಜಿಲ್ಲೆಯಲ್ಲಿ ಕ್ಯಾನ್ಸರ್ ಆಪರೇಷನ್ ಮಾಡುವ ಪ್ರತಿ ಆಸ್ಪತ್ರೆಯ ಪ್ರತಿ ರೋಗಿಗೂ ಇಂಥ ಸಭೆಯ ಮಾತು ಸಿಗಬೇಕು. ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕಿಂತ ಮೊದಲು ನಾನು ಕೇಳುವುದು ಇದನ್ನು.

ಕೆಲವರ ಮಟ್ಟಿಗೆ ಪೆಟ್‌ನ ಉತ್ತರ ಕೆಟ್ಟದ್ದಾಗಿಯೇ ಬರುತ್ತದೆ. ರೋಗ ದೂರ ಹೋಗಿದೆ ಎಂದು ತುಣುಕಿನ ಪರೀಕ್ಷೆಯಿಂದಲೂ ಖಚಿತವಾಗುತ್ತದೆ, ಆಪರೇಷನ್ ರದ್ದಾಗುತ್ತದೆ. ಆಗ ಮನೆಯವರು ‘ಡಾಕ್ಟರು ಕೈಬಿಟ್ಟರು’ ಎಂದುಕೊಂಡು ಫೈಲು ಕಟ್ಟಿ ಅಟ್ಟಕ್ಕೆ ಹಾಕುವುದುಂಟು. ಆಪರೇಷನ್ ಬೇಡ ಎಂದರೆ ಚಿಕಿತ್ಸೆ ಬೇಡ ಎಂದಲ್ಲ. ಕೀಮೋ, ರೇಡಿಯೇಷನ್, ಕೆಲವರಿಗೆ ಗುರಿಯಿಟ್ಟು ಕೊಡುವ ಮಾತ್ರೆ, ಎಲ್ಲರಿಗೂ ನೋವು ನಿವಾರಣೆ ಇದ್ದೇ ಇದೆ. ಮಾರ್ಫಿನ್ ಮಾತ್ರೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಮೂಳೆಯ ನೋವಿನಲ್ಲೂ ಮನುಷ್ಯ ರಾತ್ರಿ ಮಲಗಬಲ್ಲ. ಆದ್ದರಿಂದ ಬೆಂಗಳೂರಿನಿಂದಲೋ ಮಣಿಪಾಲದಿಂದಲೋ ಹೊರಡುವ ಮೊದಲೇ, ಆ ಟೇಬಲ್ಲಿನ ಮುಂದೆಯೇ ಕೇಳಿ: ಇದರಲ್ಲಿ ಯಾವ ಚಿಕಿತ್ಸೆಯನ್ನು ಶಿವಮೊಗ್ಗದಲ್ಲೇ ಕೊಡಿಸಬಹುದು, ಯಾರಿಗೆ ಪತ್ರ ಬರೆದು ಕೊಡುತ್ತೀರಿ, ನೋವಿನ ಔಷಧ ಎಲ್ಲಿ ಸಿಗುತ್ತದೆ? ಕಾಗದದ ರಿಪೋರ್ಟಿನ ಜೊತೆ ಸ್ಕ್ಯಾನಿನ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಊರಿನ ಡಾಕ್ಟರು ಚಿಕಿತ್ಸೆ ಮುಂದುವರಿಸುವಾಗ ಮೂರು ತಿಂಗಳ ಮೇಲೆ ಇನ್ನೊಂದು ಸ್ಕ್ಯಾನನ್ನು ಹೋಲಿಸಿ ನೋಡಲು ಅವರಿಗೆ ಬೇಕಾಗುವುದು ಆ ಸಿ.ಡಿ.